ಒಮಾನಿನ ಕೈಕಸುಬುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಸ್ಕತ್, ಸಲಾಲಾ ಕಡೆ ಕೆಲಸಕ್ಕಿರುವವರು, ಪ್ರವಾಸಕ್ಕೆ ಹೊರಟವರು, ಯಾರೋ ತಂದುಕೊಟ್ಟ ಲುಬಾನಿನ (ಧೂಪಕ್ಕೆ ಹಾಕುವ ಮರದ ಅಂಟು) ಪೊಟ್ಟಣ ಹಿಡಿದು ಏನು ಮಾಡುವುದೆಂದು ತಿಳಿಯದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ವಸ್ತು ಹೇಗೆ ತಯಾರಾಗುತ್ತದೆಂದು ಗೊತ್ತಿದ್ದರೆ ಅದರ ಅಸಲು ನಕಲು ಗುರುತಿಸುವುದೂ ಸುಲಭ, ಜೋಪಾನ ಮಾಡುವುದೂ ಸುಲಭ. ಅದಕ್ಕೇ ಬೆಲೆಗಿಂತ ತಯಾರಿಕೆಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಯಾವ ಕಸುಬಿಗೆ ಯಾವ ಊರು?

ಬೆಳ್ಳಿ ಕೆಲಸಕ್ಕೆ ನಿಜ್ವಾ, ಮಡಕೆಗೆ ಬಹ್ಲಾ, ಪನ್ನೀರಿಗೆ ಜಬಲ್ ಅಖ್ದರ್ ಬೆಟ್ಟದ ಹಳ್ಳಿಗಳು, ಲುಬಾನಿಗೂ ಧೂಪ ಹಾಕುವ ಮಣ್ಣಿನ ಮಜ್ಮರಿಗೂ ದಕ್ಷಿಣದ ಧೋಫಾರ್, ಮರದ ಹಡಗಿಗೆ ಸೂರ್. ಆಡಿನ ಕೂದಲ ನೇಯ್ಗೆ ಮರಳುಗಾಡಿನ ಅಲೆಮಾರಿಗಳಾದ ಬೆದೂಯಿನರು ಮತ್ತು ಬೆಟ್ಟದ ಕುರಿಗಾಹಿಗಳಲ್ಲಿ ಉಳಿದಿದೆ. ಮಸ್ಕತ್ತಿನ ಮತ್ರಾ ಸೂಕ್‌ನಲ್ಲಿ ಇವೆಲ್ಲವೂ ಸಿಗುತ್ತವೆ, ಆದರೆ ಅದು ಮಾರುವ ಜಾಗ, ಮಾಡುವ ಜಾಗವಲ್ಲ. ಹೊರದೇಶದ ಅಗ್ಗದ ಮಾಲು ಹೆಚ್ಚಾಗಿ ಬೆರೆಯುವುದೂ ಅಲ್ಲೇ. ಸಮಯವಿದ್ದರೆ ನಿಜ್ವಾಕ್ಕೆ ಹೋಗಿ. ಅಲ್ಲಿಂದ ಬಹ್ಲಾ ಒಂದು ಗಂಟೆಯೊಳಗಿನ ದಾರಿ.

ಸರ್ಕಾರ ಈ ಕಸುಬುಗಳಿಗೆ ನೆರವು ಕೊಡುತ್ತದೆಯೇ?

ಕೊಡುತ್ತದೆ. ಕರಕುಶಲ ಕಸುಬುಗಳಿಗೆಂದೇ 2003ರಲ್ಲಿ ಪ್ರತ್ಯೇಕ ಪ್ರಾಧಿಕಾರ ಆಯಿತು. 2020ರ ಆಡಳಿತ ಸುಧಾರಣೆಯಲ್ಲಿ ಅದನ್ನು ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪ್ರಾಧಿಕಾರದೊಳಗೆ ಸೇರಿಸಿದರು.

ಜಬಲ್ ಅಖ್ದರ್‌ನ ಪನ್ನೀರು ಕಂದು ಬಣ್ಣಕ್ಕಿದೆ, ಹೊಗೆ ವಾಸನೆ ಬರುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ. ಹಳೆಯ ಕ್ರಮದಲ್ಲಿ ಇಳಿಸಿದ ಪನ್ನೀರಿನ ಗುರುತೇ ಅದು.

ಸುಮಾರು 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯ ಅಂಚಿನಲ್ಲಿ ಅಲ್ ಅಕ್ರ್, ಅಲ್ ಐನ್, ಅಶ್ ಶುರೈಜಾ ಎಂಬ ಹಳ್ಳಿಗಳಿವೆ. ಅಲ್ಲಿನ ಮೆಟ್ಟಿಲು ಗದ್ದೆಗಳಲ್ಲಿ ಡಮಾಸ್ಕ್ ಗುಲಾಬಿ ಬೆಳೆಯುತ್ತಾರೆ. ನೀರು ಬರುವುದು ಫಲಜ್ ಎಂಬ ಕಾಲುವೆಗಳಿಂದ. ಹೂವಿನ ಕಾಲ ಮಾರ್ಚ್ ಕೊನೆಯಿಂದ ಮೇ ನಡುವಿನವರೆಗೆ ಮಾತ್ರ. ಕೊಯ್ಲು ಬಿಸಿಲೇರುವ ಮೊದಲೇ ಮುಗಿಯಬೇಕು. ಬಿಸಿಲು ತಾಗಿದ ಎಸಳಿನಿಂದ ಸುಗಂಧದ ಎಣ್ಣೆ ಗಾಳಿಗೆ ಹೋಗಿಬಿಡುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಮರಳಿ ಬರುವುದಿಲ್ಲ.

ಕಲ್ಲು ಮಣ್ಣಿನಿಂದ ಕಟ್ಟಿದ ಉದ್ದನೆಯ ಒಲೆಗೆ ದುಹ್ಜಾನ್ ಎನ್ನುತ್ತಾರೆ. ಅದರ ಕುಳಿಗಳಲ್ಲಿ ಬುರ್ಮಾ ಎಂಬ ಮಣ್ಣಿನ ಗಡಿಗೆಗಳು ಕೂರುತ್ತವೆ. ಗಡಿಗೆಯೊಳಗೆ ಎಸಳು, ಅದರ ನಡುವೆ ಬಾಯಿ ತೆರೆದ ಸಣ್ಣ ತಾಮ್ರದ ಪಾತ್ರೆ. ಗಡಿಗೆಯ ಬಾಯಿಗೆ ತಳ ಉಬ್ಬಿದ ಲೋಹದ ಬೋಗುಣಿಯನ್ನು ಮುಚ್ಚಳದಂತೆ ಕೂರಿಸಿ ಅದರ ತುಂಬ ತಣ್ಣೀರು ಹಾಕುತ್ತಾರೆ. ಏಳುವ ಹಬೆ ಬೋಗುಣಿಯ ತಣ್ಣನೆ ತಳಕ್ಕೆ ತಾಗಿ ಹನಿಗಟ್ಟುತ್ತದೆ. ಉಬ್ಬಿನ ತುದಿಯಿಂದ ಆ ಹನಿ ನೇರ ತಾಮ್ರದ ಪಾತ್ರೆಗೆ ತೊಟ್ಟಿಕ್ಕುತ್ತದೆ. ಕೊಳವೆಯಿಲ್ಲ, ಸುರುಳಿಯಿಲ್ಲ; ಇಡೀ ಭಟ್ಟಿ ಒಂದೇ ಗಡಿಗೆಯೊಳಗೆ.

ಇಲ್ಲಿ ತಪ್ಪಾಗುವ ಕಡೆ ಮೂರು. ಬೋಗುಣಿಯ ನೀರು ಬೆಚ್ಚಗಾದ ಕೂಡಲೇ ಬದಲಿಸದಿದ್ದರೆ ಹಬೆ ಹನಿಯಾಗದೆ ಸಂದಿನಿಂದ ತಪ್ಪಿಸಿಕೊಳ್ಳುತ್ತದೆ, ಇಳುವರಿಯೂ ಪರಿಮಳವೂ ಇಳಿಯುತ್ತವೆ. ಉರಿ ಜೋರಾದರೆ ತಳದ ಎಸಳು ಸೀದು ಕಮಟು ವಾಸನೆ ಬರುತ್ತದೆ. ಇದು ಹೊಗೆ ವಾಸನೆಯಲ್ಲ, ಮೂಗಿಗೆ ಕಹಿಯಾಗಿ ಹೊಡೆಯುತ್ತದೆ. ಮೂರನೆಯದು ಅವಸರ. ಇಳಿಸಿದ ನೀರು ಮೊದಲು ಮಬ್ಬಾಗಿರುತ್ತದೆ. ಮಣ್ಣಿನ ಜಾಡಿಯಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಕದಡದೆ ಇಟ್ಟು, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸೀಸೆಗೆ ಬಗ್ಗಿಸಬೇಕು. ಕಾಯದೆ ತುಂಬಿಸಿದ ಸೀಸೆಯ ತಳದಲ್ಲಿ ಗಷ್ಟು ಕಾಣುತ್ತದೆ.

ಹಾಗಾದರೆ ನೀರಿನಂತೆ ತಿಳಿಯಾಗಿರುವುದು ನಕಲಿಯೇ?

ಹಾಗೇನಿಲ್ಲ. ಈಗ ಅನೇಕರು ಗ್ಯಾಸಿನ ಮೇಲೆ, ಸ್ಟೀಲಿನ ಭಟ್ಟಿಯಲ್ಲಿ ಇಳಿಸುತ್ತಾರೆ. ಬೆಟ್ಟದ ಮರ ಕಡಿಯುವುದೂ ಇದರಿಂದ ತಪ್ಪುತ್ತದೆ. ಆ ಪನ್ನೀರು ತಿಳಿಯಾಗಿರುತ್ತದೆ, ಹೂವಿನ ಪರಿಮಳ ಎದ್ದು ಕಾಣುತ್ತದೆ. ಮುಖಕ್ಕೆ, ಪೂಜೆಗೆ, ಪಾಯಸಕ್ಕೆ ಅದೇ ವಾಸಿ. ಕಾಫಿಗೆ ಮತ್ತು ಹಲ್ವಕ್ಕೆ ಒಮಾನಿಗರು ಹೊಗೆಯಾಡಿದ್ದನ್ನೇ ಇಷ್ಟಪಡುತ್ತಾರೆ. ಅನುಮಾನ ಪಡಬೇಕಾದದ್ದು ಗುಲಾಬಿ ಬಣ್ಣದ ಪನ್ನೀರನ್ನು. ಎಸಳಿನ ಬಣ್ಣ ಹಬೆಯ ಜೊತೆ ಏಳುವುದಿಲ್ಲ, ಆದ್ದರಿಂದ ಆ ಬಣ್ಣ ಹೊರಗಿನಿಂದ ಬೆರೆಸಿದ್ದು.

ಲುಬಾನ್ ಮರದಿಂದ ಹೇಗೆ ತೆಗೆಯುತ್ತಾರೆ?

ಮರದ ಶಾಸ್ತ್ರೀಯ ಹೆಸರು ಬೋಸ್ವೆಲಿಯಾ ಸಾಕ್ರಾ. ಧೋಫಾರಿನ ಬೆಟ್ಟಸಾಲಿನ ಆಚೆ, ಮುಂಗಾರಿನ ಮಂಜು ತಾಗಿಯೂ ತಾಗದಂತಿರುವ ಒಣ ಕಣಿವೆಗಳಲ್ಲಿ ಬೆಳೆಯುತ್ತದೆ. ವಾದಿ ದೌಕಾ ಎಂಬ ಕಣಿವೆಯೂ ಸೇರಿದಂತೆ ‘ಲುಬಾನಿನ ನಾಡು’ 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಉಪಕರಣದ ಹೆಸರು ಮನ್ಕಫ್. ಮರದ ಹಿಡಿಯ ಈ ಉಳಿಯ ಒಂದು ತುದಿ ಹರಿತ, ಇನ್ನೊಂದು ಮೊಂಡು; ಒಂದರಿಂದ ತೊಗಟೆ ಕೆತ್ತಿ, ಇನ್ನೊಂದರಿಂದ ಅಂಟನ್ನು ಕೆರೆದು ತೆಗೆಯುತ್ತಾರೆ. ಬೇಸಿಗೆ ಕಾವೇರುವ ಏಪ್ರಿಲ್ ಹೊತ್ತಿಗೆ ಮೊದಲ ಕೆತ್ತು. ಕೊಂಬೆ, ಕಾಂಡದ ಹೊರ ತೊಗಟೆಯನ್ನು ಅಲ್ಲಲ್ಲಿ ಚಿಕ್ಕದಾಗಿ ಎಬ್ಬಿಸುತ್ತಾರೆ. ಹಾಲಿನಂಥ ರಸ ಒಸರಿ ಗಟ್ಟಿಯಾಗುತ್ತದೆ. ಇದು ಮಾರಾಟಕ್ಕಲ್ಲ, ಗಾಯ ಸಿದ್ಧಪಡಿಸುವುದಕ್ಕೆ. ಎರಡು ವಾರ ಬಿಟ್ಟು ಅದೇ ಗಾಯವನ್ನು ಮತ್ತೆ ಕೆತ್ತುತ್ತಾರೆ. ಆಗ ಬರುವುದೂ ಕೆಳದರ್ಜೆಯದು. ಮತ್ತೆ ಎರಡು ವಾರ ಬಿಟ್ಟು ಮೂರನೆಯ ಕೆತ್ತು. ನಿಜವಾದ ಸುಗ್ಗಿ ಅಲ್ಲಿಂದ. ಒಟ್ಟು ಕೆಲಸ ಮೂರು ತಿಂಗಳಷ್ಟು.

ಕೆತ್ತು ಎಷ್ಟಿರಬೇಕೆಂಬುದು ಮರದ ಗಾತ್ರಕ್ಕೆ ಬಿಟ್ಟದ್ದು. ಆಳಕ್ಕೆ ಇಳಿದು ಮರದ ತಿರುಳಿಗೆ ಗಾಯವಾದರೆ ಮಾಯುವುದಿಲ್ಲ, ಕೊರೆಯುವ ಹುಳು ಸೇರುತ್ತದೆ. ಮರಕ್ಕೆ ವಿಶ್ರಾಂತಿ ಕೊಡದೆ ವರ್ಷವರ್ಷವೂ ಕೆತ್ತಿದರೆ ಸೊರಗುತ್ತದೆ. ಅದರ ಮೇಲೆ ಒಂಟೆ, ಆಡುಗಳು ಎಳೆ ಸಸಿಯನ್ನು ಬಿಡುವುದಿಲ್ಲ. ಲುಬಾನಿನ ನಾಳೆಗೆ ದೊಡ್ಡ ತೊಂದರೆ ಮಾರುಕಟ್ಟೆಯದಲ್ಲ, ಇದೇ.

ಹೋಜರಿ, ನಜ್ದಿ, ಶಜ್ರಿ, ಶಅಬಿ: ಯಾವುದನ್ನು ಕೊಳ್ಳಬೇಕು?

ಇವು ಮರ ಬೆಳೆದ ಜಾಗದ ಹೆಸರುಗಳು. ಧೋಫಾರಿನ ಪೂರ್ವ ಭಾಗದ ಹೋಜರಿ ಎಲ್ಲಕ್ಕಿಂತ ಮೇಲು, ಬೆಟ್ಟದಾಚೆಯ ನಜ್ದ್ ಬಯಲಿನದು ಅದರ ನಂತರ, ಆಮೇಲೆ ಶಜ್ರಿ, ಕರಾವಳಿಯ ಶಅಬಿ ಕೊನೆಗೆ. ನೋಡಬೇಕಾದದ್ದು ಬಣ್ಣ ಮತ್ತು ಗಾತ್ರ. ತಿಳಿ ಹಸಿರು ಅಥವಾ ಹಾಲು ಬಿಳುಪು, ದೊಡ್ಡ ಹರಳು, ಒಳಗೆ ತೊಗಟೆಯ ಚೂರಿಲ್ಲದ್ದು ಮೇಲಿನ ದರ್ಜೆ. ಕೆಂಪು, ಕಂದು, ಪುಡಿ ಬೆರೆತದ್ದು ಕೆಳಗಿನದು. ದಿನವೂ ಮನೆಗೆ ಧೂಪ ಹಾಕುವವರಿಗೆ ಹೋಜರಿ ದುಬಾರಿಯೇ ಸರಿ. ನಜ್ದಿ ಧಾರಾಳ ಸಾಕು.

ಅಸಲು ಪರೀಕ್ಷೆಗೆ ಒಂದು ಸಣ್ಣ ಹರಳನ್ನು ಬಾಯಲ್ಲಿಟ್ಟು ಕಚ್ಚಿ. ಮೊದಲು ಪುಡಿಯಾಗಿ, ಆಮೇಲೆ ಮೆತ್ತಗಾಗಿ ಬಿಳಿ ಅಂಟಾಗುತ್ತದೆ, ಕೊಂಚ ಕಹಿ, ಕೊಂಚ ನಿಂಬೆಯ ಸೊಗಡು. ಪೈನ್ ಮರದ ರಾಳ ಬೆರೆತಿದ್ದರೆ ಟರ್ಪೆಂಟೈನ್ ವಾಸನೆ ಮೂಗಿಗೇರುತ್ತದೆ.

ನಮ್ಮ ಹಾಲುಮಡ್ಡಿ, ರಾಳಧೂಪ, ಸಾಂಬ್ರಾಣಿ ಇದೇನಾ?

ಅಲ್ಲ, ಎಲ್ಲವೂ ಬೇರೆ ಬೇರೆ ಮರದ ಅಂಟುಗಳು. ಹಾಲುಮಡ್ಡಿ ಪಶ್ಚಿಮ ಘಟ್ಟದ ಐಲಾಂತಸ್ ಮರದ್ದು, ಅಗರಬತ್ತಿಗೆ ಹೋಗುತ್ತದೆ. ಕಪ್ಪು ರಾಳಧೂಪವೂ ಘಟ್ಟದ್ದೇ, ಆದರೆ ಅದರ ಮರ ಬೇರೆ. ಸಾಂಬ್ರಾಣಿ ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ್ದು, ವಾಸನೆ ಸಿಹಿ. ಲುಬಾನಿಗೆ ಹತ್ತಿರದ ಬಂಧು ಎಂದರೆ ನಮ್ಮ ಒಣ ಕಾಡುಗಳಲ್ಲಿರುವ ಬೋಸ್ವೆಲಿಯಾ ಸೆರ್ರಾಟಾ, ಆಯುರ್ವೇದದ ಶಲ್ಲಕಿ. ಅದರ ಅಂಟು ಇಷ್ಟು ತಿಳಿಯಾಗಿರುವುದಿಲ್ಲ.

ಕೆಂಡಕ್ಕೆ ಹಾಕಿದರೆ ಕರಟು ವಾಸನೆ ಬರುತ್ತದೆ. ಏನು ತಪ್ಪು?

ಕೆಂಡ ಅತಿ ಬಿಸಿ, ಇಲ್ಲವೇ ಲುಬಾನ್ ಅತಿ ಹೆಚ್ಚು. ಕೆಂಡದ ಮೇಲೆ ಬೂದಿಯ ತೆಳು ಪದರ ಕಟ್ಟುವವರೆಗೆ ಕಾಯಿರಿ. ಕಡಲೆಕಾಳಿನಷ್ಟು ದೊಡ್ಡ ಎರಡು ಚೂರು ಮಧ್ಯಮ ಕೋಣೆಗೆ ಸಾಕು. ಅಂಟು ಕರಗಿ ಕಪ್ಪಾಗಿ ಕುದಿಯತೊಡಗಿದರೆ ಸುವಾಸನೆ ಮುಗಿದಂತೆ. ಆ ಕರಿಯನ್ನು ಇಕ್ಕಳದಿಂದ ತೆಗೆದು ಹೊಸ ಚೂರು ಹಾಕಿ. ತಕ್ಷಣ ಹೊತ್ತಿಕೊಳ್ಳುವ ಕೆಮಿಕಲ್ ಇದ್ದಿಲಾದರೆ ಅದರ ಸಿಡಿಮದ್ದಿನ ವಾಸನೆ ಪೂರ್ತಿ ಹೋಗಲಿ. ಮಣ್ಣಿನ ಮಜ್ಮರನ್ನು ಪ್ಲಾಸ್ಟಿಕ್ ಹಾಸಿನ ಮೇಲಿಡಬೇಡಿ, ತಳ ಚೆನ್ನಾಗಿ ಕಾಯುತ್ತದೆ.

ಬಹ್ಲಾ ಮಡಕೆಯಲ್ಲಿ ವಿಶೇಷವೇನು?

ಮಣ್ಣು, ಮತ್ತು ಅದನ್ನು ಹದಮಾಡುವ ತಾಳ್ಮೆ. ಕೋಟೆಗೆ ಹೆಸರಾದ ಊರು ಇದು (ಕೋಟೆ 1987ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ). ಕಣಿವೆಯ ಹಳ್ಳದ ನೆರೆ ತಂದು ಹಾಕಿದ ಜೇಡಿಯನ್ನು ಗುಂಡಿಯಲ್ಲಿ ನೆನೆಸಿ, ಕದಡಿ, ಕಸಕಡ್ಡಿ ಸೋಸಿ, ಬಿಸಿಲಿಗೆ ಹರವಿ, ನೀರು ಇಂಗಿದ ಮೇಲೆ ಕಾಲಿನಿಂದ ತುಳಿಯುತ್ತಾರೆ. ಕಾಲಿನಿಂದ ಒದ್ದು ತಿರುಗಿಸುವ ತಿಗುರಿಯ ಜಾಗಕ್ಕೆ ಈಗ ಬಹುಪಾಲು ಕಡೆ ಮೋಟಾರು ಬಂದಿದೆ.

ನೆರಳಲ್ಲಿ ಒಣಗಿಸುವುದೇ ಕಷ್ಟದ ಹಂತ. ಆ ಒಣ ಗಾಳಿಗೆ ಮಡಕೆಯ ಕಂಠ ಬೇಗ ಒಣಗಿ ಹೊಟ್ಟೆ ಹಸಿಯಾಗೇ ಉಳಿದರೆ ಎರಡರ ನಡುವೆ ಬಿರುಕು ಖಚಿತ. ಇನ್ನೊಂದು ಶತ್ರು ಸುಣ್ಣದ ಹರಳು. ಒಮಾನಿನ ಬೆಟ್ಟಗಳಲ್ಲಿ ಸುಣ್ಣಕಲ್ಲು ಹೇರಳ. ಸೋಸುವಾಗ ತಪ್ಪಿದ ಒಂದು ಹರಳು ಆವಿಗೆಯಲ್ಲಿ ಸುಟ್ಟು, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಮಡಕೆಯ ಮೈಯಿಂದ ಚಕ್ಕೆ ಹಾರಿಸುತ್ತದೆ. ಕೊಂಡು ತಂದ ವಾರದ ಮೇಲೆ ಬಿಳಿ ಚುಕ್ಕೆಯ ಸುತ್ತ ಚಕ್ಕೆ ಎದ್ದಿದ್ದರೆ ಕಾರಣ ಇದು. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಬಿರುಕಿದ್ದರೆ ಸದ್ದು ಬೋಳಾಗಿ ಸತ್ತುಹೋಗುತ್ತದೆ.

ಧೋಫಾರಿನ ಮಜ್ಮರುಗಳ ದಾರಿ ಬೇರೆ. ಹೆಂಗಸರು ತಿಗುರಿಯಿಲ್ಲದೆ ಕೈಯಲ್ಲೇ ರೂಪಿಸಿ, ಬಣ್ಣ ಬಳಿಯುತ್ತಾರೆ. ಬಣ್ಣ ಮೇಲ್ಮೈಯದಷ್ಟೇ, ನೀರಲ್ಲಿ ತೊಳೆಯಬೇಡಿ.

ಜಹ್ಲಾ ಎಂಬ ತೂಗುಹಾಕುವ ನೀರಿನ ಮಡಕೆ ತಂದೆವು. ಅಲ್ಲಿ ತಣ್ಣಗಿದ್ದ ನೀರು ಮಂಗಳೂರಿನಲ್ಲಿ ತಂಪಾಗುತ್ತಿಲ್ಲ.

ಜಹ್ಲಾದ ತಪ್ಪಲ್ಲ, ಹವೆಯ ತಪ್ಪು. ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಬಹ್ಲಾದ ಒಣ ಗಾಳಿಯಲ್ಲಿ ಆವಿಯಾಗುವುದು ಚುರುಕು, ಕರಾವಳಿಯ ತೇವದಲ್ಲಿ ಮಂದ. ಮಸ್ಕತ್ತಿನ ಆಗಸ್ಟ್‌ನಲ್ಲೂ ಇದೇ ಗತಿ. ಅದೇ ಜಹ್ಲಾ ಕಲಬುರಗಿಯ ಏಪ್ರಿಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯಾಡುವ ಕಡೆ, ನೆರಳಲ್ಲಿ ತೂಗುಹಾಕಿ.

ಮೊದಲು ತಂಪಾಗುತ್ತಿದ್ದು ಈಗ ನಿಂತಿದ್ದರೆ ರಂಧ್ರ ಕಟ್ಟಿದೆ ಎಂದರ್ಥ. ಗಡಸು ಬೋರ್‌ವೆಲ್ ನೀರು ಹಾಕಿದರೆ ಹೊರಮೈಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತೆಂಗಿನ ನಾರಿನಿಂದ ಉಜ್ಜಿ, ಸಿಹಿನೀರಲ್ಲಿ ಒಂದು ದಿನ ಮುಳುಗಿಸಿ, ಬಿಸಿಲಿಗೆ ಒಣಗಿಸಿ. ಸೋಪು ಬೇಡ, ಮಣ್ಣು ಅದನ್ನು ಹೀರಿ ನೀರಿಗೆ ಬಿಡುತ್ತದೆ. ಒಳಗೆ ಹೊಳಪಿನ ಲೇಪವಿರುವುದು ಅಲಂಕಾರಕ್ಕೆ ಮಾತ್ರ.

ಖಂಜರಿನ (ಬಾಗಿದ ಕಠಾರಿ) ಬೆಲೆ ಒಂದರಿಂದ ಇನ್ನೊಂದಕ್ಕೆ ಹತ್ತಾರು ಪಟ್ಟು ಬೇರೆ. ಯಾಕೆ?

ಅದು ಒಂದು ವಸ್ತುವಲ್ಲ, ಹಲವು ಕಸುಬುಗಳ ಕೂಟ. ಅಲಗು ಕಮ್ಮಾರನದು. ಒರೆಯ ಒಳಗೆ ಬಾಗಿದ ಮರದ ಪಟ್ಟಿ, ಅದರ ಮೇಲೆ ಚರ್ಮ, ಚರ್ಮದ ಮೇಲೆ ಬೆಳ್ಳಿ ತಂತಿಯ ಹೊಲಿಗೆ. ಒರೆಯ ಮೇಲ್ಭಾಗಕ್ಕೆ ಕೆತ್ತಿದ ಬೆಳ್ಳಿ ತಗಡು, ಬಾಗಿದ ತುದಿಗೆ ಬೆಳ್ಳಿಯ ಗುಬ್ಬಿ. ನಡುಪಟ್ಟಿಗೆ ಸಿಕ್ಕಿಸುವ ಉಂಗುರಗಳು ಸಾಮಾನ್ಯವಾಗಿ ನಾಲ್ಕು. ರಾಜಮನೆತನದ ಹೆಸರಿನ ಸಯೀದಿ ಮಾದರಿಯಲ್ಲಿ ಏಳು. ಹಿಡಿ ಗಂಧದ ಮರ, ಕೊಂಬು, ಮೂಳೆ ಅಥವಾ ಪ್ಲಾಸ್ಟಿಕ್. ನಿಜ್ವಾನಿ, ಸೂರಿ, ಬಾತಿನಿ ಎಂದು ಊರಿಗೊಂದು ರೂಪ. ಕೈಯಲ್ಲೇ ಮಾಡಿದ್ದಕ್ಕೆ ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. 1970ರಿಂದ ರಾಷ್ಟ್ರಧ್ವಜದಲ್ಲಿರುವ ಈ ಖಂಜರಿನ ಕೌಶಲ 2022ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೂ ಸೇರಿತು.

ಅಗ್ಗದ್ದರಲ್ಲಿ ತಗಡು ಬೆಳ್ಳಿಯದಲ್ಲ, ಚಿತ್ತಾರ ಅಚ್ಚಿನಲ್ಲಿ ಒತ್ತಿದ್ದು. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ. ಅಚ್ಚಿನ ಗೆರೆಗಳ ಅಂಚು ಮೊಂಡು, ಎಡಬಲದ ಬಳ್ಳಿಗಳು ಕೂದಲೆಳೆಯಷ್ಟೂ ಬೇರೆಯಿರುವುದಿಲ್ಲ. ಉಳಿಯ ಗೆರೆ ಒಂದು ಕಡೆ ಆಳ, ಒಂದು ಕಡೆ ತೇಲಿರುತ್ತದೆ. ತಂತಿ ಹೊಲಿಗೆಯ ಮೇಲೆ ಉಗುರಾಡಿಸಿ. ಅಂಟಿಸಿದ್ದಾದರೆ ಪಟ್ಟಿಯೇ ಏಳುತ್ತದೆ.

ಹಳೆಯ ಬೆಳ್ಳಿ ಒಡವೆಯ ಮೇಲೆ 925 ಮುದ್ರೆ ಇಲ್ಲ. ಮೋಸವೇ?

ಬಹುಶಃ ಅಲ್ಲ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಒಮಾನಿನ ಅಕ್ಕಸಾಲಿಗರಿಗೆ ಬಹಳ ಕಾಲ ಬೆಳ್ಳಿ ಒದಗಿದ್ದು ಮಾರಿಯಾ ತೆರೇಸಾ ಥಾಲರ್ ಎಂಬ ಆಸ್ಟ್ರಿಯಾದ ನಾಣ್ಯ ಕರಗಿಸಿ. ಯಾವಾಗ ಟಂಕಿಸಿದರೂ ಅದರ ಮೇಲೆ 1780 ಎಂದೇ ಇರುತ್ತದೆ. ತೂಕ ಸುಮಾರು 28 ಗ್ರಾಂ, ಅದರಲ್ಲಿ ಬೆಳ್ಳಿ ಸಾವಿರಕ್ಕೆ 833 ಪಾಲು. ಆದ್ದರಿಂದ ಹಳೆಯ ಬಳೆ, ಕಡಗ, ತಾಯಿತಗಳು ಆ ಪ್ರಮಾಣದ ಆಸುಪಾಸಿನಲ್ಲಿರುತ್ತವೆ. ‘ಇನ್ನೂರು ವರ್ಷ ಹಳೆಯದು’ ಎಂದು ತೋರಿಸುವ ಒಡವೆಯ ಮೇಲೆ ಹೊಳೆಯುವ 925 ಮುದ್ರೆ ಇದ್ದರೆ ಆಗ ಅನುಮಾನಪಡಿ. ನಾಣ್ಯದ ಮೇಲಿನ 1780 ನೋಡಿ ಅಷ್ಟು ಹಳೆಯದೆಂದು ಹಣ ಕೊಡುವುದೂ ಬೇಡ.

ಹುಣಸೆಹಣ್ಣು ಹಾಕಿ ತಿಕ್ಕಬಹುದೇ?

ಬೇಡ. ಕೆತ್ತನೆಯ ಗುಂಡಿಗಳಲ್ಲಿ ಕೂತ ಕಪ್ಪೇ ಚಿತ್ತಾರವನ್ನು ಎತ್ತಿ ತೋರಿಸುವುದು. ಹುಳಿ ಅದನ್ನೂ ತಿಂದುಹಾಕುತ್ತದೆ, ಖಂಜರಾದರೆ ಚರ್ಮವನ್ನೂ ಕೆಡಿಸುತ್ತದೆ. ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿ, ತೇವವಿಲ್ಲದ ಕಡೆ ಇಡಿ. ರಬ್ಬರು ತಾಗಿಸಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಘೇಂಡಾಮೃಗದ ಕೊಂಬಿನ ಹಿಡಿಯಿರುವ ಹಳೆಯ ಖಂಜರ್ ತರಬಹುದೇ?

ಖಂಡಿತ ಬೇಡ. ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ. ಆನೆದಂತಕ್ಕೂ ಇದೇ ಮಾತು. ಬೇರೆ ಹಿಡಿಯ ಖಂಜರನ್ನೂ ವಿಮಾನದೊಳಗೆ ಕೈಚೀಲದಲ್ಲಿ ಒಯ್ಯಲಾಗದು. ಚೆಕ್-ಇನ್ ಚೀಲದಲ್ಲಿ ಹಾಕಿ, ಕೊಂಡ ರಸೀದಿ ಜೊತೆಗಿಟ್ಟು, ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ.

ಮೊಳೆಯಿಲ್ಲದೆ ಹೊಲಿದ ಹಡಗು ಎನ್ನುತ್ತಾರೆ. ಅದು ನಿಲ್ಲುವುದು ಹೇಗೆ?

ಮೊದಲು ಹಲಗೆಗಳ ಚಿಪ್ಪು, ಆಮೇಲೆ ಒಳಗಿನ ಪಕ್ಕೆಲುಬು. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರಿನ ಸುರುಳಿ ಇಟ್ಟು, ನಾರಿನ ಹುರಿಯಿಂದ ಬಿಗಿದು ಹೊಲಿಯುತ್ತಾರೆ. ನೀರಿಗೆ ಬಿದ್ದ ಮೇಲೆ ಮರವೂ ನಾರೂ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಹುರಿ ಒಣಗಿ ಪುಡಿಯಾಗದಂತೆ ಮೀನೆಣ್ಣೆ ಕುಡಿಸುತ್ತಿರಬೇಕು. ನೀರಿನ ಮಟ್ಟದ ಕೆಳಗೆ ಸುಣ್ಣ ಮತ್ತು ಪ್ರಾಣಿಕೊಬ್ಬು ಕಲಸಿ ಮೆತ್ತುತ್ತಾರೆ, ಇಲ್ಲದಿದ್ದರೆ ಹಡಗುಹುಳು ಹಲಗೆಯನ್ನು ಜರಡಿ ಮಾಡುತ್ತದೆ. ಈ ಲೇಪ ಶಾಶ್ವತವಲ್ಲ. ಹಡಗನ್ನು ಆಗಾಗ ದಡಕ್ಕೆಳೆದು ಹೊಸದಾಗಿ ಬಳಿಯಬೇಕು.

ಸೂರ್‌ನಲ್ಲಿ ಕಟ್ಟಿದ ‘ಸೋಹಾರ್’ 1980-81ರಲ್ಲಿ ಬ್ರಿಟಿಷ್ ಸಾಹಸಿ ಟಿಮ್ ಸೆವೆರಿನ್ ಮುಂದಾಳುತನದಲ್ಲಿ ಮಸ್ಕತ್ತಿನಿಂದ ಚೀನಾದ ಕ್ಯಾಂಟನ್‌ಗೆ ಹೋಯಿತು. ‘ಜ್ಯೂವೆಲ್ ಆಫ್ ಮಸ್ಕತ್’ 2010ರಲ್ಲಿ ಸಿಂಗಾಪುರ ತಲುಪಿತು. ಎರಡೂ ಹೊಲಿದ ಹಡಗುಗಳೇ. ಮೊಳೆ ಹೊಡೆದು ಕಟ್ಟಿದ ದೊಡ್ಡ ಹಡಗು ನೋಡಬೇಕೆಂದರೆ ಸೂರ್‌ನಲ್ಲಿ 1951ರ ‘ಫತಹ್ ಅಲ್ ಖೈರ್’ ನಿಂತಿದೆ. ಅದನ್ನು 1993ರಲ್ಲಿ ಯೆಮನ್‌ನಿಂದ ಮರಳಿ ತಂದರು.

ಇದರಲ್ಲಿ ನಮ್ಮ ಕರಾವಳಿಯ ಪಾಲೇನಾದರೂ ಇದೆಯೇ?

ಇದೆ, ಮುಖ್ಯವಾಗಿ ಕಚ್ಚಾ ಸಾಮಗ್ರಿಯಲ್ಲಿ. ಹಡಗು ಕಟ್ಟುವ ಮರ ಒಮಾನಿನಲ್ಲಿ ಬೆಳೆಯುವುದಿಲ್ಲ. ತೇಗ ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ‘ಸೋಹಾರ್’ಗೆ ಬಳಸಿದ್ದು ಮಲಯಾಳದಲ್ಲಿ ಆಯಿನಿ ಎನ್ನುವ, ನಮ್ಮ ಘಟ್ಟದ ತಪ್ಪಲಲ್ಲಿ ಹೆಬ್ಬಲಸು ಎನ್ನುವ ಮರ, ಹುರಿ ಲಕ್ಷದ್ವೀಪದ್ದು. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆದರೂ ಮಸ್ಕತ್ತಿನ ಭಾರತೀಯ ವ್ಯಾಪಾರದಲ್ಲಿ ಕಛ್ ಕಡೆಯವರ ಕೈಯೇ ಮೇಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಕುಮ್ಮಾ ಟೋಪಿ ಕೈಹೊಲಿಗೆಯದೋ ಮಿಷಿನ್ನಿನದೋ?

ತಿರುಗಿಸಿ ಒಳಮೈ ನೋಡಿ. ಕೈಕೆಲಸದಲ್ಲಿ ಸಣ್ಣ ತೂತು ಮಾಡಿ ಅದರ ಅಂಚಿಗೆ ಸುತ್ತಲೂ ಹೊಲಿಯುತ್ತಾರೆ. ತೂತುಗಳು ಒಂದಕ್ಕೊಂದು ತುಸು ಬೇರೆ, ಒಳಗೂ ಅಚ್ಚುಕಟ್ಟು. ಮಿಷಿನ್ನಿನದರಲ್ಲಿ ಕತ್ತರಿಸಿದ ದಾರದ ತುದಿಗಳಿರುತ್ತವೆ. ಹಿಂಡಬೇಡಿ, ತೊಳೆದು ಗಂಜಿ ಹಾಕಿ, ತಲೆಯ ಅಳತೆಯ ಪಾತ್ರೆಯ ಮೇಲೆ ಕೂರಿಸಿ ಒಣಗಿಸಿ.

ಬೆದೂಯಿನ್ ಕಂಬಳಿ ಗುರುತಿಸುವುದು?

ನೆಲಕ್ಕೆ ಗೂಟ ಹೊಡೆದು ಹಾಸು ಎಳೆದ ಮಗ್ಗದಲ್ಲಿ ಕೂತು ನೇಯುವುದರಿಂದ ಅಗಲ ಕೈ ಚಾಚಿದಷ್ಟೇ. ದೊಡ್ಡ ಹಾಸು ಬೇಕಾದರೆ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಾರೆ. ಹೊಲಿಗೆಯ ಗೆರೆಯಿಲ್ಲದ ಅಗಲವಾದ ಕಂಬಳಿ ಈ ಮಗ್ಗದ್ದಲ್ಲ. ನುಸಿಗೆ ಬೇವಿನೆಲೆ ಸಾಕು.

ಒಮಾನಿ ಹಲ್ವ ಫ್ರಿಜ್ಜಿನಲ್ಲಿಟ್ಟಾಗ ಕಲ್ಲಾಯಿತು. ಸರಿಮಾಡಬಹುದೇ?

ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ನಿಧಾನ ಬೆಚ್ಚಗೆ ಮಾಡಿದರೆ ಬಹುಪಾಲು ಮೆತ್ತಗಾಗುತ್ತದೆ. ಹಲ್ವದ ಜೀವ ಪಿಷ್ಟ, ಸಕ್ಕರೆ, ತುಪ್ಪ. ತಂಪಿನಲ್ಲಿ ಪಿಷ್ಟ ಬಿಗಿದುಕೊಳ್ಳುತ್ತದೆ, ತುಪ್ಪ ಹೆಪ್ಪುಗಟ್ಟುತ್ತದೆ. ಸಕ್ಕರೆ ಹೆಚ್ಚಿರುವುದರಿಂದ ಹೊರಗಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಣ ಚಮಚ ಬಳಸಿ, ಮುಚ್ಚಳ ಭದ್ರವಾಗಿರಲಿ.

ಮಾಡುವಾಗ ತಾಮ್ರದ ದೊಡ್ಡ ಕೊಪ್ಪರಿಗೆಯಲ್ಲಿ ಎರಡು ಗಂಟೆಗೂ ಹೆಚ್ಚು ಕಾಲ ಬಿಡದೆ ಮಗುಚಬೇಕು. ಕೈ ನಿಂತರೆ ಪಿಷ್ಟ ತಳಕ್ಕಂಟಿ ಸೀಯುತ್ತದೆ, ಆ ವಾಸನೆಯನ್ನು ಕೇಸರಿಯಾಗಲಿ ಏಲಕ್ಕಿಯಾಗಲಿ ಮುಚ್ಚಲಾರದು. ಪನ್ನೀರು ಕೊನೆಗೆ. ಮುದ್ದೆ ಕೊಪ್ಪರಿಗೆಯ ಬದಿ ಬಿಟ್ಟು, ತುಪ್ಪ ಅಂಚಿಗೆ ಒಸರಿದಾಗ ಆಯಿತೆಂದು ತಿಳಿಯಬೇಕು. ಹಲ್ವವನ್ನೂ ಪನ್ನೀರನ್ನೂ ವಿಮಾನದಲ್ಲಿ ಚೆಕ್-ಇನ್ ಚೀಲಕ್ಕೇ ಹಾಕಿ. ಪನ್ನೀರಿನ ಗಾಜಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲುವಂತೆ ಇಡಿ, ಬಿರಡೆಯ ಸುತ್ತ ಟೇಪು ಹಚ್ಚಿ.